ಅರವತ್ತಮೂರು ಸಾಲು ಬದಲಾದ ಆಷಾಢ

ನಾನು ಓದು ನಿಲ್ಲಿಸಿದ್ದು ಎರಡು ಸಾವಿರದ ಒಂದರಲ್ಲಿ, ಒಂಬತ್ತನೇ ಕ್ಲಾಸಿನ ಅರ್ಧಕ್ಕೆ. ಫೇಲಾಗಿ ಬಿಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕೇಳಿದವರೆಲ್ಲ ಹಾಗೇ ಅಂದುಕೊಳ್ಳುತ್ತಾರೆ. ಲೆಕ್ಕದಲ್ಲಿ ನಾನು ಕ್ಲಾಸಿಗೆ ಎರಡನೆಯವನು. ಬಂಗಾರಪೇಟೆ ಸ್ಟೇಷನ್ನಿನಲ್ಲಿ ಮೂಟೆ ಇಳಿಸುತ್ತಿದ್ದ ನಮ್ಮಪ್ಪನ ಕಾಲ ಮೇಲೆ ಸಿಮೆಂಟ್ ಮೂಟೆ ಉರುಳಿಬಿತ್ತು. ಬೂದಿಕೋಟೆ ಪಕ್ಕದ ನಮ್ಮೂರಲ್ಲಿ ಎರಡು ಹಸು, ಒಂದು ತುಂಡು ರಾಗಿ ಹೊಲ, ಮಂಚದ ಮೇಲೆ ಅಪ್ಪ. ಸ್ಕೂಲು ಬಿಡು ಎಂದು ಯಾರೂ ಹೇಳಲಿಲ್ಲ. ಒಂದು ಬೆಳಗ್ಗೆ ಡೇರಿಗೆ ಹಾಲು ಹಾಕಿ ಬಂದವನು ಬ್ಯಾಗು ಎತ್ತಿಕೊಳ್ಳಲಿಲ್ಲ, ಅಷ್ಟೆ.

ಆಮೇಲೆ ಕಲಿತದ್ದೆಲ್ಲ ಬಂಗಾರಪೇಟೆಯ ಸ್ಟೇಷನ್ ರಸ್ತೆಯಲ್ಲಿ, ಒಂದು ಜೆರಾಕ್ಸ್ ಅಂಗಡಿಯಲ್ಲಿ. ಮೊದಲು ಜೆರಾಕ್ಸ್, ಆಮೇಲೆ ಟೈಪಿಂಗು, ಆಮೇಲೆ ಕಂಪ್ಯೂಟರ್ ಕೆಟ್ಟರೆ ಬಿಚ್ಚುವುದು. ಯಾರೋ ರದ್ದಿಗೆ ಹಾಕಿದ ಡೇಟಾಬೇಸ್ ಪುಸ್ತಕವೊಂದು ಸಿಕ್ಕಿತ್ತು. ಇಂಗ್ಲಿಷ್ ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಎರಡು ವರ್ಷ ಅದನ್ನೇ ಓದಿದೆ. ಇಪ್ಪತ್ತೇಳು ತುಂಬುವ ಹೊತ್ತಿಗೆ ಒಂದು ಹಾಲಿನ ಸಂಘಕ್ಕೆ, ಒಂದು ಸ್ಕೂಲಿಗೆ, ಕೆಜಿಎಫ್‌ನ ಒಂದು ಸಣ್ಣ ಆಸ್ಪತ್ರೆ ಟ್ರಸ್ಟಿಗೆ ನಾನೇ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಆ ಹೆಮ್ಮೆ ನನಗಿದೆ. ಮುಚ್ಚಿಟ್ಟುಕೊಳ್ಳುವವನಲ್ಲ ನಾನು.

ಹೋದ ತಿಂಗಳು ಯಾರಿಗೋ ಪ್ರಿಂಟರ್ ಕೂಡಿಸಿಕೊಡಲು ಕೆಜಿಎಫ್‌ನ ಕೋರಮಂಡಲ್ ಕಡೆಗೆ ಹೋಗಿದ್ದೆ. ಹಳೇ ಗಣಿಯ ತಿರುವಿಗೆ ಬರುವಾಗ ಗಾಳಿ ಎದ್ದಿತು. ಚಿನ್ನ ತೆಗೆದು ಸುರಿದ ಮಣ್ಣಿನ ಸೈನೈಡ್ ದಿಬ್ಬದಿಂದ ಪುಡಿ ತೆರೆತೆರೆಯಾಗಿ ರಸ್ತೆಗೆ ಇಳಿಯಿತು. ಹೆಲ್ಮೆಟ್ಟಿನ ಗಾಜು ಮೇಲಕ್ಕೆತ್ತಿದ್ದೆ. ನಾಲಿಗೆಯ ಮೇಲೆ ಸ್ಲೇಟು ನೆಕ್ಕಿದಂಥ ರುಚಿ. ಬೈಕು ನಿಲ್ಲಿಸಿ ಒಂದು ಕಾಲು ನೆಲಕ್ಕೆ ಊರಿ ಹಾಗೇ ನಿಂತುಬಿಟ್ಟೆ. ಎರಡು ಸಾವಿರದ ಇಪ್ಪತ್ತಮೂರರ ಆಷಾಢ ಪೂರ್ತಿಯಾಗಿ ಎದುರಿಗೆ ಬಂತು.

ಆ ಟ್ರಸ್ಟಿನ ಕೆಲಸ ಇಷ್ಟು. ಗಣಿಯೊಳಗೆ ವರ್ಷಗಟ್ಟಲೆ ದೂಳು ಕುಡಿದು ಶ್ವಾಸಕೋಶ ಕಲ್ಲಾದವರು ಗಣಿ ಕಂಪನಿ ಕಟ್ಟಿಸಿದ ಲೈನ್ ಮನೆಗಳಲ್ಲಿ, ಅಂದರೆ ಸಾಲುಮನೆಗಳಲ್ಲಿ, ಈಗಲೂ ಇದ್ದಾರೆ. ಅವರಿಗೆ ಮಾತ್ರೆ ಕೊಡುವುದು, ತೀರಾ ಆಗದವರ ಮನೆಗೆ ಆಕ್ಸಿಜನ್ ಮೆಷಿನ್ ಕೊಡುವುದು. ಮೆಷಿನ್ ನಡೆಯುವುದು ಕರೆಂಟಿನ ಮೇಲೆ. ಕರೆಂಟ್ ಹೋದಾಗ ಬೇಕಲ್ಲ ಎಂದು ಜೊತೆಗೊಂದು ಚಿಕ್ಕ ಸಿಲಿಂಡರ್. ಪ್ರತಿ ಸೋಮವಾರ ವ್ಯಾನ್ ಹೋಗಿ ಖಾಲಿ ಸಿಲಿಂಡರ್ ತೆಗೆದುಕೊಂಡು ತುಂಬಿದ್ದು ಕೊಟ್ಟು ಬರುತ್ತದೆ. ಯಾರ ಮನೆಗೆ ಹೋಗಬೇಕು ಎಂಬುದನ್ನು ಪ್ರೋಗ್ರಾಮಿನ ಪಟ್ಟಿ ಹೇಳುತ್ತದೆ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಸಿಲಿಂಡರ್ ಇಲ್ಲ. ಆಷಾಢದಲ್ಲಿ ಗಾಳಿಗೆ ಕಂಬ ಬೀಳುವುದೂ ಜಾಸ್ತಿ, ದಿಬ್ಬದ ದೂಳು ಹಾರುವುದೂ ಜಾಸ್ತಿ. ಬೇರೆ ತಿಂಗಳು ಹೇಗೋ, ಆ ತಿಂಗಳು ಸಿಲಿಂಡರ್ ಇಲ್ಲದಿದ್ದರೆ ಪ್ರಾಣವೇ ಹೋಗಬಹುದು.

ನಾನು ಬರೆದ ಹಳೇ ಪ್ರೋಗ್ರಾಂ ಒಂದೇ ಕಂಪ್ಯೂಟರಿನಲ್ಲಿ ಕೂತಿತ್ತು. ಆ ವರ್ಷ ಬೆಂಗಳೂರಿನ ಒಂದು ಸಣ್ಣ ತಂಡದವರು ಫೋನಿನಲ್ಲೂ ತೆರೆಯುವ ಹೊಸ ವೆಬ್ ಅಪ್ಲಿಕೇಷನ್ ಮಾಡಿಕೊಟ್ಟರು. ಹಳೆಯದರಿಂದ ಹೊಸದಕ್ಕೆ ಎಲ್ಲವನ್ನೂ ಸಾಗಿಸುವ ಕೆಲಸ, ಅಂದರೆ ಮೈಗ್ರೇಷನ್, ನನ್ನದು. ರೋಗಿಗಳ ಟೇಬಲ್ ಸಲೀಸಾಗಿ ಹೋಯಿತು. ಉಳಿದದ್ದು ಸತ್ತವರ ಪುಸ್ತಕ.

ಅದೊಂದು ಉದ್ದನೆಯ ರಟ್ಟಿನ ಪುಸ್ತಕ. ಟ್ರಸ್ಟಿನಲ್ಲಿ ಮೊದಲಿದ್ದ ಗುಮಾಸ್ತರು ಬರೆದದ್ದು. ನಾನು ಈ ಕೆಲಸಕ್ಕೆ ಕೂತಾಗ ಅವರು ತೀರಿಕೊಂಡಾಗಿತ್ತು. ಯಾವ ಮನೆಯಲ್ಲಿ ಎಷ್ಟು ಜನ ಈ ಕಾಯಿಲೆಯಿಂದ ಹೋದರು ಎಂದು ಮನೆಮನೆಯಲ್ಲಿ ಕೇಳಿ, ಈಚಿನವರು ಹಳಬರು ಎನ್ನದೆ ಎಲ್ಲರನ್ನೂ ಬರೆದಿದ್ದರು. ಇನ್ನೂರ ಹನ್ನೆರಡು ಹೆಸರು. ಹೆಸರು, ತಂದೆ ಹೆಸರು, ಲೈನ್ ಮನೆ ನಂಬರು. ಕೆಲವರ ಮುಂದೆ ಸತ್ತ ವರ್ಷ, ಹಲವರ ಮುಂದೆ ಖಾಲಿ. ರೋಗಿಯ ಕಾರ್ಡ್ ನಂಬರ್ ಮಾತ್ರ ಯಾರದ್ದೂ ಇರಲಿಲ್ಲ.

ಅಷ್ಟನ್ನೂ ಟೈಪ್ ಮಾಡಿದೆ. ಆಮೇಲೆ ಒಂದು ಅಪ್‌ಡೇಟ್ ಸ್ಟೇಟ್‌ಮೆಂಟ್ ಬರೆದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಡೇಟಾಬೇಸಿಗೆ ಕೊಡುವ ಆಜ್ಞೆ ಅದು. ಇಂಥ ಗುರುತು ಇರುವವರ ಸಾಲಿನಲ್ಲಿ ಇಂಥ ಕಾಲಮ್ಮನ್ನು ಹೀಗೆ ಬದಲಿಸು ಎನ್ನುವುದು. ನಾನು ಹೇಳಿದ್ದು, ಪುಸ್ತಕದಲ್ಲಿರುವ ಹೆಸರು, ತಂದೆ ಹೆಸರು, ಮನೆ ನಂಬರು ಮೂರೂ ಯಾವ ರೋಗಿಗೆ ಕೂಡಿಬರುತ್ತದೋ ಅವರ ಮುಂದೆ ‘ಮರಣ’ ಎಂದು ಹಾಕು, ಅಂತ. ಮೂರು ಗುರುತು ಕೂಡಿದ ಮೇಲೆ ತಪ್ಪಾಗುವುದು ಹೇಗೆ?

ಬೆಂಗಳೂರಿನ ತಂಡದ ಒಬ್ಬ ಹುಡುಗಿ ಫೋನಿನಲ್ಲಿದ್ದಳು.

"ಅಣ್ಣ, ಹೆಸರಿನ ಮೇಲೆ ಜೋಡಿಸ್ಬೇಡಿ. ನಂಬರ್ ಇಲ್ವಾ?"

"ಪುಸ್ತಕದಲ್ಲಿ ಇಲ್ಲಮ್ಮ."

"ಒಂದೇ ಹೆಸರಿನೋರು ಇಬ್ರು ಇದ್ರೆ?"

"ತಂದೆ ಹೆಸರೂ ನೋಡ್ತೀನಿ, ಮನೆ ನಂಬರೂ ನೋಡ್ತೀನಿ. ನಮ್ಮ ಕಡೆ ಜನ ನಂಗೊತ್ತಮ್ಮ."

"ಆದ್ರೂ ಅಪ್‌ಡೇಟ್ ಒತ್ತೋಕೆ ಮುಂಚೆ ಅದೇ ಕಂಡಿಷನ್ ಹಾಕಿ ಬರೀ ಸೆಲೆಕ್ಟ್ ಮಾಡಿ ನೋಡಿ. ಯಾರ್ ಯಾರು ಬರ್ತಾರೆ ಅಂತ ಕಣ್ಣಲ್ಲಿ ಓದ್ಬಿಡಿ."

"ಆಯ್ತಮ್ಮ" ಅಂದೆ. ಮಾಡಲಿಲ್ಲ. ಡಿಗ್ರಿ ಮಾಡಿದ ಹುಡುಗಿ ನನಗೆ ಹೇಳಿಕೊಡುವುದೇನು ಎಂದು ಮನಸ್ಸಿನಲ್ಲಿ ಬಂದದ್ದು ನಿಜ. ಶನಿವಾರ ಮಧ್ಯಾಹ್ನ ಒತ್ತಿದೆ. ಅರವತ್ತಮೂರು ಸಾಲು ಬದಲಾಗಿದೆ ಎಂದು ಬಂತು. ಎಷ್ಟು ಬರಬೇಕಿತ್ತು ಎಂದು ನಾನು ಎಣಿಸಿಯೇ ಇರಲಿಲ್ಲ. ಆದ್ದರಿಂದ ಅರವತ್ತಮೂರು ಸರಿಯಾಗಿಯೇ ಕಂಡಿತು. ಎದ್ದು ಹೋಗಿ ಮಸಾಲೆ ದೋಸೆ ತಿಂದೆ.

ಬುಧವಾರ ಬೆಳಗ್ಗೆ ಹನ್ನೊಂದಕ್ಕೆ ಟ್ರಸ್ಟಿನ ವ್ಯಾನ್ ಡ್ರೈವರ್ ಅಂಜಪ್ಪನ ಫೋನ್ ಬಂತು. ಅಂಜಪ್ಪ ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ತೀರಿಕೊಂಡವರ ಮನೆಯಿಂದ ಮೆಷಿನ್ ವಾಪಸ್ ತರುವುದೂ ಅವನ ಕೆಲಸವೇ. ಹೊಸ ಅಪ್ಲಿಕೇಷನ್ ಅದಕ್ಕೂ ತಾನಾಗಿ ಒಂದು ಪಟ್ಟಿ ಕೊಡುತ್ತಿತ್ತು. ಆ ವಾರ ಅದರಲ್ಲಿ ಐದು ಹೆಸರು.

"ಕಿಟ್ಟಣ್ಣ, ಕೋರಮಂಡಲ್ ಲೈನಲ್ಲಿ ಇವ್ನಿ. ಮುನಿಯಪ್ಪ ಅನ್ನೋರ ಮೆಷಿನ್ ತರಕ್ಕೆ ಬಂದೆ."

"ಉಂ, ಏನೀಗ?"

"ಸತ್ತೋನು ಜಗಲಿ ಮೇಲೆ ಕುಂತು ಕಾಫಿ ಕುಡೀತಾವ್ನೆ."

"ಅದು ಬೇರೆ ಯಾರೋ ಇರ್ಬೇಕು ನೋಡು ಅಂಜಪ್ಪ."

"ಕಾರ್ಡ್ ತೋರ್ಸಿದ್ನಲ್ಲ! ಅದೇ ಎಸ್ರು, ಅದೇ ಮನೆ, ಫೋಟೋನೂ ಅವ್ನದೇ. ಯಾವತ್ತು ಸತ್ತೆ ನಾನು ಅಂತ ಕೇಳ್ತಾವ್ನೆ. ಏನ್ ಏಳ್ಲಿ ಕಿಟ್ಟಣ್ಣ?"

ಎದುರಿಗೆ ಪಹಣಿ ಪ್ರಿಂಟಿಗೆ ಕಾಯುತ್ತಿದ್ದ ಹೆಂಗಸು ನನ್ನ ಮುಖ ನೋಡಿ, "ನೀರು ಕುಡಿಯಪ್ಪ" ಅಂದಳು. ಕುಡಿಯಲಿಲ್ಲ. ಅಂಗಡಿಯ ಷಟರ್ ಎಳೆದು ಬೈಕ್ ಹತ್ತಿದೆ. ಅರ್ಧ ಗಂಟೆಯ ದಾರಿ. ಎದುರು ಗಾಳಿ. ದಾರಿಯುದ್ದಕ್ಕೂ ತಲೆಯಲ್ಲಿ ಓಡುತ್ತಿದ್ದದ್ದು ಒಂದೇ: ಸತ್ತ ಎಂದು ನಾನು ಬರೆದದ್ದು ಶನಿವಾರ. ಸಿಲಿಂಡರ್ ಪಟ್ಟಿ ಹೋದದ್ದು ಸೋಮವಾರ.

ಮುನಿಯಪ್ಪನಿಗೆ ಅರವತ್ತರ ಮೇಲೆ. ಎಲುಬಿಗೆ ಅಂಟಿದ ಮೈ, ಮೂಗಿಗೆ ಆಕ್ಸಿಜನ್ ಕೊಳವೆ, ಕೈಯಲ್ಲಿ ಖಾಲಿ ಲೋಟ. ಒಳಗೆ ಮೆಷಿನ್ ಗುರ್ ಎನ್ನುತ್ತಿತ್ತು. ಟ್ರಸ್ಟಿನ ನರ್ಸ್ ಸೆಲ್ವಿ ಆಗಲೇ ಬಂದಿದ್ದಳು, ಹಳೇ ಗಣಿ ಮನೆತನದ ತಮಿಳು ಹೆಣ್ಣುಮಗಳು, ಲೈನಿನ ಪ್ರತಿ ಬಾಗಿಲೂ ಅವಳಿಗೆ ಗೊತ್ತು. ನನ್ನನ್ನು ಕಂಡವಳು ಮುಖ ತಿರುಗಿಸಿದಳು. ಅಂಜಪ್ಪ ವ್ಯಾನಿನ ಹಿಂದೆ ನಿಂತಿದ್ದ.

"ಬಾರಪ್ಪ, ಬಾ" ಅಂದರು ಮುನಿಯಪ್ಪ. ಎರಡು ಮಾತಿಗೊಂದು ಉಸಿರು. "ನನ್ನ ಸಾಯಿಸ್ದೋನು ನೀನೇನಾ? ಕುಂತ್ಕೋ."

ಅವರ ಹೆಂಡತಿ ಯಲ್ಲಮ್ಮನಿಗೆ ತಮಾಷೆ ಬೇಕಿರಲಿಲ್ಲ. "ಸೋಮವಾರ ಸಿಲಿಂಡ್ರು ಬರ್ಲಿಲ್ಲ. ಮಂಗಳವಾರ ಗಾಳಿಗೆ ಆ ಕಂಬ ಬಿತ್ತು ನೋಡು, ಅಲ್ಲಿ. ಕರೆಂಟು ಓಗಿ ಐದು ಗಂಟೆ. ಈ ಮನುಷ್ಯ ಮೀನು ಬಿದ್ಕಂಡಂಗೆ ಬಿದ್ಕಂಡು ಬಾಯ್ ಬಾಯ್ ಬಿಡ್ತಾ ಇದ್ರೆ ನಾನು ಮೊರ ತಕಂಡು ಬೀಸ್ತಾ ಕುಂತಿದ್ದೆ. ಫೋನ್ ಮಾಡಿದ್ರೆ ನಿಮ್ ಆಫೀಸ್ನೋರು ಏನಂದ್ರು ಗೊತ್ತಾ? ಪಟ್ಟೀಲಿ ಎಸ್ರಿಲ್ಲಮ್ಮ, ಸೋಮವಾರ ನೋಡಾಣ ಅಂದ್ರು."

ಮೊರ ಗೋಡೆಗೆ ಒರಗಿಕೊಂಡೇ ಇತ್ತು.

"ಸಿಸ್ಟರ್, ನೀವು ಪಟ್ಟಿ ನೋಡ್ಲಿಲ್ವಾ?" ಎಂದು ಸೆಲ್ವಿಯನ್ನು ಕೇಳಿದೆ. ಕೇಳಬಾರದಿತ್ತು.

"ನೋಡ್ದೆ! ಮುನಿಯಪ್ಪ ಮರಣ ಅಂತಿತ್ತು. ಯಾರೋ ಮುನಿಯಪ್ಪ, ಪಾವಂ, ಪಾಪ ಅಂದ್ಕೊಂಡೆ. ಇವರು ಚಿನ್ನಪ್ಪ ಅಲ್ವಾ? ಇಡೀ ಲೈನ್ ಚಿನ್ನಪ್ಪ ಅಂತಾನೇ ಕರೆಯೋದು. ಎಂಟು ವರ್ಷದಿಂದ ಬರ್ತಾ ಇದೀನಿ, ಇವರು ಮುನಿಯಪ್ಪ ಅಂತ ಈವತ್ತು ಗೊತ್ತಾಯ್ತು ನಂಗೆ."

ನಾನು ಪುಸ್ತಕದ ಸಾಲನ್ನು ಹೇಳಿದೆ. ಮುನಿಯಪ್ಪ, ತಂದೆ ವೆಂಕಟರಾಯಪ್ಪ, ಇದೇ ಮನೆ ನಂಬರು, ವರ್ಷ ಸಾವಿರದ ಒಂಬೈನೂರ ಎಪ್ಪತ್ತನಾಲ್ಕು. ಮುನಿಯಪ್ಪ ನಕ್ಕರು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲು ಎರಡು ನಿಮಿಷ ಹಿಡಿಯಿತು. ಆಮೇಲೆ ಒಳಗಿನ ಗೋಡೆ ತೋರಿಸಿದರು. ಕುಂಕುಮ ಹಚ್ಚಿದ ಒಂದು ಫೋಟೋ. ರುಮಾಲು ಸುತ್ತಿದ, ದಪ್ಪ ಮೀಸೆಯ ಮುದುಕ.

"ಅವ್ರು ಮುನಿಯಪ್ಪ. ನಮ್ಮ ತಾತ. ಅವ್ರಪ್ಪ ವೆಂಕಟರಾಯಪ್ಪ. ಅವ್ರ ಮಗ, ಅಂದ್ರೆ ನಮ್ಮಪ್ಪ, ವೆಂಕಟರಾಯಪ್ಪ. ನಾನು ಮುನಿಯಪ್ಪ. ಮೂರು ತಲೆಯಿಂದ ಇದೇ ಮನೆ. ನಮ್ಮಮ್ಮ ಮಾವನ ಎಸ್ರು ಬಾಯಲ್ಲಿ ಏಳಂಗಿಲ್ವಲ್ಲ, ಅದ್ಕೆ ನನ್ನ ತೆಲುಗಲ್ಲಿ ಚಿನ್ನೋಡು, ಚಿಕ್ಕೋನು, ಅಂದ್ಳು. ಚಿನ್ನೋಡು ಓಗಿ ಚಿನ್ನಪ್ಪ ಆದೆ." ಉಸಿರು ತೆಗೆದುಕೊಂಡರು. "ನಿನ್ ಎಸ್ರೇನಪ್ಪ?"

"ಕೃಷ್ಣಪ್ಪ."

"ಯಾರ್ದು ಎಸ್ರದು?"

ನಾನು ತಲೆ ತಗ್ಗಿಸಿದೆ. "ನಮ್ಮ ತಾತಂದು."

"ನಿಮ್ಮಮ್ಮ ಏನಂತ ಕರೀತಾರೆ?"

"ಬಾಬು ಅಂತ."

"ಮತ್ತೆ ನಿಂಗೆ ಯಾರಾನ ಏಳ್ಕೊಡ್ಬೇಕೇನಪ್ಪ ಇದ್ನ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ. ನಿಜವಾಗಿಯೂ ಆಶ್ಚರ್ಯದಿಂದ ಕೇಳಿದರು. ನಮ್ಮ ಕಡೆ ಮೊಮ್ಮಗನಿಗೆ ತಾತನ ಹೆಸರಿಡದ ಮನೆ ಯಾವುದಿದೆ? ಮೂವತ್ತಾರು ವರ್ಷ ತಾತನ ಹೆಸರು ಹೊತ್ತು ಓಡಾಡಿದ ನಾನು, ಒಂದೇ ಮನೆಯಲ್ಲಿ ಒಂದೇ ಹೆಸರು ಎರಡು ಸಲ ಬರುವುದಿಲ್ಲ ಎಂದು ನಂಬಿ ಆಜ್ಞೆ ಬರೆದಿದ್ದೆ. ನಮ್ಮ ಕಡೆ ಜನ ನಂಗೊತ್ತಮ್ಮ, ಅಂದಿದ್ದೆ.

ಅಲ್ಲಿಂದ ಟ್ರಸ್ಟಿನ ಆಫೀಸಿಗೆ ಬಂದು ಕೂತೆ. ಮುನಿಯಪ್ಪನಂಥವರು ಇನ್ನೆಷ್ಟು ಜನ? ಶನಿವಾರದ ಬ್ಯಾಕಪ್ ನನ್ನಲ್ಲಿತ್ತು. ಆದರೆ ಅದನ್ನು ಹಾಕಿದರೆ ನಾಲ್ಕು ದಿನದಲ್ಲಿ ಟ್ರಸ್ಟಿನ ಡಾಕ್ಟರಮ್ಮ ಬರೆದ ಮಾತ್ರೆಗಳೆಲ್ಲ ಅಳಿಸಿಹೋಗುತ್ತಿದ್ದವು. ಒಂದೇ ಒಂದು ಯೋಚನೆ ಬಂತು: ಸತ್ತವರು ಬದುಕಿದವರ ಪಟ್ಟಿಯಲ್ಲಿದ್ದರೆ ಒಂದು ಸಿಲಿಂಡರ್ ಸುಮ್ಮನೆ ಹೋಗಿ ಬರುತ್ತದೆ, ಬದುಕಿದವರು ಸತ್ತವರ ಪಟ್ಟಿಯಲ್ಲಿದ್ದರೆ ಪ್ರಾಣ ಹೋಗುತ್ತದೆ. ಆದ್ದರಿಂದ ಶನಿವಾರ ಬದಲಾದ ಅರವತ್ತಮೂರೂ ಸಾಲನ್ನು ಇನ್ನೊಂದು ಅಪ್‌ಡೇಟಿನಲ್ಲಿ ‘ಜೀವಂತ’ ಎಂದು ಮಾಡಿದೆ. ಅಂಜಪ್ಪನ ವಾಪಸ್ ಪಟ್ಟಿ ಖಾಲಿಯಾಯಿತು. ಮಧ್ಯಾಹ್ನವೇ ಸಿಲಿಂಡರ್‌ಗಳು ಹೊರಟವು.

ಒಂದು ಮಾತು ಮಾತ್ರ ಅಂಜಪ್ಪನನ್ನು ಕೇಳಿದೆ. "ನೆನ್ನೆ ಒಂದು ಮೆಷಿನ್ ತಂದ್ಯಲ್ಲ, ಅದು?"

"ಅದು ಸರಿಯಾಗೈತೆ ಅಣ್ಣ. ನಂದಿದುರ್ಗ ಲೈನಿಂದು. ಒಬ್ರು ಬಾಗ್ಲಲ್ಲಿದ್ರು, ತಮ್ಮನೋ ಮಗನೋ. ಸತ್ತೋರ ಮನೇಲಿ ಸತ್ರಾ ಅಂತ ಕೇಳಕ್ಕಾಯ್ತದಾ? ಮೆಷಿನ್ ವಾಪಸ್ ತಗೊಂಡೋಗಕ್ಕೆ ಬಂದಿವ್ನಿ ಅಂದೆ. ತಕರಾರೇ ಇಲ್ಲ, ಅವ್ರೇ ವೈರ್ ಸುತ್ತಿ ಎತ್ಕೊಟ್ರು."

ತಕರಾರಿಲ್ಲ ಅಂದರೆ ಸರಿ ಇರಲೇಬೇಕು. ನಾನೂ ಹಾಗೇ ಅಂದುಕೊಂಡೆ.

ಶುಕ್ರವಾರ ಬೆಳಗ್ಗೆ ಆಫೀಸಿನಲ್ಲಿದ್ದೆ. ರಾಜಮ್ಮ ಎನ್ನುವ ಹೆಂಗಸು ಬಂದರು. ಐವತ್ತೈದರ ವಯಸ್ಸು, ಇಸ್ತ್ರಿ ಮಾಡಿದ ಸೀರೆ, ಕೈಯಲ್ಲಿ ಪ್ಲಾಸ್ಟಿಕ್ ಕವರು. ಕವರಿನಲ್ಲಿ ಗಂಡನ ರೋಗಿ ಕಾರ್ಡು, ಹಳೇ ಎಕ್ಸ್‌ರೇ. ಫೋನ್ ಮುಂದೆ ಹಿಡಿದರು. ಅಪ್ಲಿಕೇಷನ್ ತಾನಾಗಿ ಕಳಿಸುವ ಮೆಸೇಜು: ನಿಮ್ಮ ತಪಾಸಣೆ ಶುಕ್ರವಾರ ಹತ್ತು ಗಂಟೆಗೆ, ತಪ್ಪದೆ ಬನ್ನಿ. ಕೆಳಗೆ ಅವರ ಗಂಡನ ಹೆಸರು.

"ಸಾರ್, ಅವ್ರು ಓಗಿ ಎರಡು ವರ್ಷ ಆಯ್ತು" ಅಂದರು. ಗಟ್ಟಿಯಾಗಿಯೇ ಅಂದರು. "ನಂಗೊತ್ತು. ಮಗಳು ಓದೇಳಿದಾಗ ಏನೋ ತಪ್ಪಾಗೈತೆ ಬಿಡಮ್ಮ ಅಂದ್ಳು. ಆದ್ರೂ ಏನಾನ ಅವ್ರದು ಇಲ್ಲಿ ಉಳ್ಕಂಡಿತ್ತೇನೋ, ಕೊಡಕ್ಕೆ ಕರ್ದಿರ್ಬೋದೇನೋ ಅಂತ ಬಂದೆ. ಫೋಟೋನೋ, ರಿಪೋರ್ಟೋ. ಏನಾನ ಐತಾ ಸಾರ್?"

ಏನೂ ಇರಲಿಲ್ಲ. ಕಂಪ್ಯೂಟರಿನಲ್ಲಿ ಅವರ ಸಾಲು ತೆರೆದೆ. ಹೆಸರು, ಮನೆ ನಂಬರು, ಪಕ್ಕದಲ್ಲಿ ನಾನೇ ಬುಧವಾರ ಕೂಡಿಸಿದ ಮಾತು, ಜೀವಂತ. ಪರದೆಯನ್ನು ಅವರಿಗೆ ಕಾಣದ ಹಾಗೆ ತಿರುಗಿಸಿದೆ. ಮೊದಲು ಬದುಕಿದ್ದವರನ್ನು ಸಾಯಿಸಿದ್ದೆ, ಈಗ ಸತ್ತವರನ್ನು ಎಬ್ಬಿಸಿ ಹೆಂಡತಿಯ ಫೋನಿಗೆ ಕಳಿಸಿದ್ದೆ. ಎರಡಕ್ಕೂ ಬೇಕಾದದ್ದು ಒಂದೊಂದು ಸಾಲಿನ ಆಜ್ಞೆ.

ಡಾಕ್ಟರಮ್ಮ ಒಳಗಿಂದ ಬಂದು ರಾಜಮ್ಮನನ್ನು ಕರೆದುಕೊಂಡು ಹೋಗಿ ಕೂರಿಸಿ, ಸುಮ್ಮನೆ ಬಿ.ಪಿ. ನೋಡಿದರು, ಟೀ ತರಿಸಿದರು. ಅರ್ಧ ಗಂಟೆಯ ಮೇಲೆ ನನ್ನ ಹತ್ತಿರ ಬಂದರು. ಎಪ್ಪತ್ತು ದಾಟಿದ ಹೆಂಗಸು, ದನಿ ಏರಿಸುವವರಲ್ಲ.

"ಕೃಷ್ಣಪ್ಪ, ಕಂಪ್ಯೂಟರಿನಿಂದ ಎಷ್ಟು ಗೊತ್ತಾಗುತ್ತೋ ಅಷ್ಟನ್ನ ಈವತ್ತೇ ತಿಳ್ಕೋ. ಗೊತ್ತಾಗದೆ ಇರೋದನ್ನ ಬಾಗಿಲು ತಟ್ಟಿ ಕೇಳು."

ಆ ಮಧ್ಯಾಹ್ನ ಮೊದಲನೇ ಸಲ ಅಪ್‌ಡೇಟ್ ಬಿಟ್ಟು, ಏನನ್ನೂ ಬದಲಿಸದೆ ಹೆಸರುಗಳನ್ನು ತೋರಿಸುವ ಸೆಲೆಕ್ಟ್ ಬರೆದೆ. ಅರವತ್ತಮೂರರಲ್ಲಿ ಮೂವತ್ತೊಂಬತ್ತು ಜನರ ಮುಂದೆ ಸತ್ತ ವರ್ಷವಿತ್ತು. ಅವರಲ್ಲಿ ಸತ್ತ ವರ್ಷದ ಆಮೇಲೆ ಕಾರ್ಡ್ ಮಾಡಿಸಿಕೊಂಡವರು ಯಾರು ಎಂದು ಕೇಳಿದೆ. ಏಳು ಹೆಸರು ಬಂತು. ಸತ್ತು ಎಷ್ಟೋ ವರ್ಷಕ್ಕೆ ಬಂದು ಫೋಟೋ ತೆಗೆಸಿಕೊಂಡು ಮಾತ್ರೆ ತೆಗೆದುಕೊಂಡು ಹೋದವರು! ಏಳೂ ಜನ ಮೊಮ್ಮಕ್ಕಳು. ಒಬ್ಬೊಬ್ಬರಿಗೂ ಫೋನ್ ಮಾಡಿದೆ, ಏಳೂ ಕಡೆ ಅವರೇ ಎತ್ತಿದರು. ಉಳಿದ ಮೂವತ್ತೆರಡು ಜನರನ್ನು ಕಾರ್ಡ್ ನಂಬರ್ ಹಾಕಿ ಒಬ್ಬೊಬ್ಬರನ್ನಾಗಿ ಮರಣಕ್ಕೆ ಸೇರಿಸಿದೆ. ಇನ್ನು ಇಪ್ಪತ್ತನಾಲ್ಕು ಜನ ಉಳಿದರು. ಅವರ ಮುಂದೆ ವರ್ಷವೇ ಇರಲಿಲ್ಲ. ಫೋನ್ ನಂಬರುಗಳೂ ಬಹಳಷ್ಟು ಸತ್ತುಹೋಗಿದ್ದವು. ಅವರಿಗೆ ಯಾವ ಸೆಲೆಕ್ಟೂ ಇಲ್ಲ.

ಶನಿವಾರ ಬೆಳಗ್ಗೆ ಏಳಕ್ಕೇ ಸೆಲ್ವಿಯ ಜೊತೆ ಹೊರಟೆ. ಅವಳಿನ್ನೂ ನನ್ನ ಜೊತೆ ನೆಟ್ಟಗೆ ಮಾತಾಡುತ್ತಿರಲಿಲ್ಲ. ಬಾಗಿಲುಗಳೆಲ್ಲ ಅವಳಿಗೆ ಗೊತ್ತು, ಆದರೆ ಕಾರ್ಡಿನ ಹೆಸರು ಯಾವ ಮನೆಯ ಯಾರದೆಂದು, ಮಾತ್ರೆಗೆ ಬರುವುದು ನಿಲ್ಲಿಸಿದವರು ಏನಾದರೆಂದು ಅವಳಿಗೂ ಗೊತ್ತಿರಲಿಲ್ಲ. ಮೊದಲನೇ ಬಾಗಿಲಲ್ಲಿ ನಾನು ಪಟ್ಟಿ ತೆಗೆದೆ. ಬಾಯಿ ತೆರೆದರೆ ಏನು ಕೇಳಲಿ? ನಿಮ್ಮ ಯಜಮಾನರು ಇದ್ದಾರಾ, ಹೋದರಾ ಅಂತಲಾ? ಸೆಲ್ವಿ ನನ್ನ ಕೈಯಿಂದ ಪಟ್ಟಿ ಕಿತ್ತುಕೊಂಡಳು.

"ಪೇಪರ್ ಒಳಗಿಡಿ. ಬಾಗಿಲ ಹತ್ರ ಸುಮ್ನೆ ನಿಂತ್ಕೊಳಿ. ಕೆಮ್ಮು ಕೇಳುತ್ತಾ ನೋಡಿ. ಕೇಳಿದ್ರೆ ಇದಾರೆ. ಕೇಳದೆ ಇದ್ರೆ ನಾನು ಮಾತಾಡ್ತೀನಿ, ನೀವು ಬಾಯಿ ಬಿಡ್ಬೇಡಿ."

ಹಾಗೇ ನಡೆದೆವು. ಗಾಳಿ ತಗಡಿನ ಮಾಡುಗಳನ್ನು ಎತ್ತಿ ಎತ್ತಿ ಬಡಿಯುತ್ತಿತ್ತು, ಕೆಮ್ಮು ಕೇಳಲು ಗೋಡೆಗೆ ಕಿವಿ ಒತ್ತಿ ನಿಲ್ಲಬೇಕಾಗುತ್ತಿತ್ತು. ಒಂದು ಮನೆಯಲ್ಲಿ ಅಜ್ಜಿಯೊಬ್ಬರು ಕಿಟಕಿಯಿಂದ, "ಯಾರ್ಲಾ ಅದು ಗೋಡೆ ತಬ್ಕಂಡಿರೋನು?" ಎಂದು ಕೂಗಿದರು. ಸೆಲ್ವಿ ಆವತ್ತು ಮೊದಲ ಸಲ ನಕ್ಕಳು. ಕೋರಮಂಡಲ್‌ನ ಹದಿನಾಲ್ಕು ಮನೆ ಮುಗಿಯುವ ಹೊತ್ತಿಗೆ ಕೆಮ್ಮು ಕೇಳಿದ್ದು ಒಂದು ಕಡೆ ಮಾತ್ರ. ಉಳಿದ ಕಡೆಯೆಲ್ಲ ಸೆಲ್ವಿ ಒಳಗೆ ಹೋಗಿ, ಅಕ್ಕಾ ಚೆನ್ನಾಗಿದೀರಾ, ಸೊಸೆ ಚೆನ್ನಾಗಿದಾಳಾ ಎಂದು ಶುರು ಮಾಡಿ, ಹೊರಗೆ ಬರುವಾಗ ನನ್ನ ಕಡೆ ಸಣ್ಣಗೆ ತಲೆ ಆಡಿಸುತ್ತಿದ್ದಳು. ನಾನು ಪೆನ್ಸಿಲಿನಿಂದ ಗುರುತು ಹಾಕುತ್ತಿದ್ದೆ.

ಮಧ್ಯಾಹ್ನ ನಂದಿದುರ್ಗ ಲೈನಿಗೆ ಬಂದೆವು. ಪಟ್ಟಿಯಲ್ಲಿ ಪೆರುಮಾಳ್ ಎಂದಿತ್ತು. ಮಂಗಳವಾರ ಅಂಜಪ್ಪ ಮೆಷಿನ್ ತಂದಿದ್ದು ಈ ಮನೆಯಿಂದಲೇ. ಇದು ಬಿಡಿ ಸಿಸ್ಟರ್, ಇದು ಗೊತ್ತಾಗಿದೆ ಎಂದೆ. ಸೆಲ್ವಿ ಆಗಲೇ ಬಾಗಿಲ ಮುಂದೆ ನಿಂತಿದ್ದಳು. ಕೆಮ್ಮು ಕೇಳಲಿಲ್ಲ. ಆದರೆ ಅವಳು ತಲೆ ಆಡಿಸಲಿಲ್ಲ. ಬಗ್ಗಿ ಕೇಳಿಸಿಕೊಂಡಳು. ಬಾಗಿಲು ತಳ್ಳಿಕೊಂಡು ಓಡಿದಳು.

ಒಳಗೆ ಗೋಡೆಗೆ ಎರಡು ದಿಂಬು ಒರಗಿಸಿಕೊಂಡು ಒಬ್ಬರು ಕೂತಿದ್ದರು. ಕೆಮ್ಮುವುದಕ್ಕೂ ಉಸಿರಿರಲಿಲ್ಲ. ತುಟಿ ನೇರಳೆ ಹಣ್ಣು ತಿಂದ ಬಣ್ಣಕ್ಕೆ ತಿರುಗಿತ್ತು, ಉಗುರೂ ಹಾಗೇ. ಹೆಗಲು ಮಾತ್ರ ಏರಿ ಏರಿ ಇಳಿಯುತ್ತಿತ್ತು. ಒಬ್ಬರೇ ಇರುವವರು. ಪಕ್ಕದ ಮನೆಯವರು ಗಂಜಿ ಇಟ್ಟು ಹೋಗಿದ್ದರು, ಹಾಗೇ ಕೆನೆಗಟ್ಟಿತ್ತು. ಬುಧವಾರ ನಾನು ಎಲ್ಲರನ್ನೂ ಜೀವಂತ ಎಂದು ಮಾಡಿದ್ದೆನಲ್ಲ, ಇವರನ್ನೂ ಮಾಡಿದ್ದೆ. ಆದರೆ ಮೆಷಿನ್ ವಾಪಸ್ ಆಯಿತು ಎಂದು ಅಂಜಪ್ಪ ಹಾಕಿದ ಗುರುತು ಬೇರೆ ಕಾಲಮ್ಮಿನಲ್ಲಿ ಹಾಗೇ ಉಳಿದಿತ್ತು. ಮೆಷಿನ್ ಇಲ್ಲದವರಿಗೆ ಸಿಲಿಂಡರ್ ಹೋಗುವುದಿಲ್ಲ. ಪಟ್ಟಿಯ ಪ್ರಕಾರ ಪೆರುಮಾಳ್ ಬದುಕಿದ್ದರು, ಆದರೆ ಅವರಿಗೆ ಏನೂ ಬೇಕಾಗಿರಲಿಲ್ಲ.

ಸೆಲ್ವಿ ತನ್ನ ಜೊತೆಗಿದ್ದ ಸಣ್ಣ ಸಿಲಿಂಡರ್ ತಿರುಗಿಸಿ ಮಾಸ್ಕ್ ಹಾಕಿದಳು. ನಾನು ಅಂಜಪ್ಪನಿಗೆ, ಆಂಬುಲೆನ್ಸಿಗೆ ಫೋನ್ ಮಾಡಿದೆ. ಏನು ಹೇಳಿದೆನೋ ನೆನಪಿಲ್ಲ, ಅಂಜಪ್ಪ ಮೆಷಿನ್ ಎತ್ತಿಕೊಂಡು ಅಳುತ್ತಲೇ ಬಂದ.

ಹತ್ತು ನಿಮಿಷಕ್ಕೆ ಪೆರುಮಾಳ್ ಕಣ್ಣು ಬಿಟ್ಟರು. ಸೆಲ್ವಿ ತಮಿಳಿನಲ್ಲಿ ಬೈಯುತ್ತಿದ್ದಳು: 'ಕೇಳಿದ ತಕ್ಷಣ ಕೊಟ್ಟುಬಿಡುವುದಾ, ಯಾಕೆ ಎಂದು ಒಂದು ಮಾತು ಕೇಳಬಾರದಾ?'

ಅವರು ಮಾಸ್ಕ್ ಸ್ವಲ್ಪ ಎತ್ತಿ, ನನ್ನನ್ನೂ ನೋಡಿಕೊಂಡು, ನನಗೆ ತಿಳಿಯಲೆಂದು ಕನ್ನಡದಲ್ಲೇ ಹೇಳಿದರು.

"ಟ್ರಸ್ಟ್‌ನೋರು ಸುಮ್ನೆ ಕೇಳಲ್ಲ ತಂಬಿ. ನಂಗಿಂತ ಕಷ್ಟದಲ್ಲಿರೋನು ಯಾರೋ ಇರ್ಬೇಕು ಅಂತ ಕೊಟ್ಟೆ."

ನಾನು ಹೊರಗೆ ಬಂದು ಆ ಲೈನಿನ ಚರಂಡಿಯ ಪಕ್ಕ ಕೂತುಬಿಟ್ಟೆ. ಅಳಲಿಲ್ಲ. ಕಣ್ಣಿಗೆ ದೂಳು ಬೀಳುತ್ತಿತ್ತು, ಒರೆಸಿಕೊಳ್ಳಬೇಕೆಂದೂ ಅನ್ನಿಸಲಿಲ್ಲ. ನಾಲ್ಕು ದಿನ. ಯಾರೋ ನಂಬಿ ವೈರು ಸುತ್ತಿ ಎತ್ತಿ ಕೊಟ್ಟಿದ್ದರು, ಅವರು ನಂಬಿದ್ದು ನಾನು ಬರೆದ ಸಾಲನ್ನು. ಶಾಲೆ ಬಿಟ್ಟದ್ದಕ್ಕೆ ನಾಚಿಕೆಪಟ್ಟವನಲ್ಲ ನಾನು, ಯಾರ ಮುಂದೆಯೂ. ಆವತ್ತು ಪಟ್ಟ ನಾಚಿಕೆಗೂ ಶಾಲೆಗೂ ಸಂಬಂಧವಿರಲಿಲ್ಲ. ಓದದೆ ಇದ್ದದ್ದರಿಂದ ಆದ ತಪ್ಪಲ್ಲ ಅದು, ಕೇಳದೆ ಇದ್ದದ್ದರಿಂದ ಆದದ್ದು.

ಪೆರುಮಾಳ್ ಕೋಲಾರದ ಆಸ್ಪತ್ರೆಯಲ್ಲಿ ಹನ್ನೆರಡು ದಿನ ಇದ್ದು ಮನೆಗೆ ಬಂದರು. ಹನ್ನೆರಡು ದಿನವೂ ನಾನು ಹೋಗಿದ್ದೆ. ಮೂರನೇ ದಿನ ಅವರೇ ಕೇಳಿದರು, ನೀನು ಯಾರು ತಂಬಿ, ಟ್ರಸ್ಟಿನವನಾ ಎಂದು. ಹೇಳಿದೆ. ಎಲ್ಲವನ್ನೂ ಹೇಳಿದೆ. ಸುಮ್ಮನೆ ಕೇಳಿಸಿಕೊಂಡು, "ನಮ್ಮ ತಾತನೂ ಇಂಗೇ ಗೋಡೆಗೆ ಒರಗ್ಕೊಂಡೇ ಹೋದ್ರು" ಅಂದರು. ಅದು ಕ್ಷಮಿಸಿದ್ದೋ ಅಲ್ಲವೋ ನನಗೆ ಇವತ್ತಿಗೂ ತಿಳಿಯದು. ಆಮೇಲೆ ಕಿತ್ತಳೆ ಸುಲಿದುಕೊಡು ಅಂದರು, ಸುಲಿದುಕೊಟ್ಟೆ.

ಬೆಂಗಳೂರಿನ ಹುಡುಗಿಗೆ ನಾನೇ ಫೋನ್ ಮಾಡಿ, ನಿನ್ನ ಮಾತು ಕೇಳಬೇಕಿತ್ತಮ್ಮ ಅಂದೆ. ಅವಳು ಮೆಲ್ಲಗೆ, "ನಮ್ಮ ಮನೇಲೂ ನಮ್ಮಣ್ಣಂಗೆ ತಾತನ ಹೆಸರೇ ಅಣ್ಣ, ನಂಗೂ ಹೊಳೀಲಿಲ್ವಲ್ಲ" ಅಂದಳು. ಆಮೇಲೆ ಇಬ್ಬರೂ ಕೂತು ಅಪ್ಲಿಕೇಷನ್ನಿನಲ್ಲಿ ಎರಡು ವಿಷಯ ಬದಲಿಸಿದೆವು. ಮರಣ ಎಂದು ಹಾಕಬೇಕಾದರೆ ಕಾರ್ಡ್ ನಂಬರ್ ಹಾಕಿ ಒಬ್ಬೊಬ್ಬರದ್ದೇ ಹಾಕಬೇಕು. ಯಾರು ಮನೆಗೆ ಹೋಗಿ ನೋಡಿ ಬಂದರು ಎಂದು ಅವರ ಹೆಸರು ಬರೆಯದಿದ್ದರೆ ಅದು ಒಪ್ಪಿಕೊಳ್ಳುವುದಿಲ್ಲ. ಕರೆಯುವ ಹೆಸರಿಗೂ ಒಂದು ಕಾಲಮ್ ಬೇಕು ಎಂದು ಸೆಲ್ವಿ ಹಟ ಹಿಡಿದಳು, ಅದನ್ನೂ ಸೇರಿಸಿದೆವು.

ಅರವತ್ತಮೂರರ ಲೆಕ್ಕ ಕೊನೆಗೆ ಹೀಗಾಯಿತು: ಐವತ್ತನಾಲ್ಕು ಜನ ನಿಜವಾಗಿ ತೀರಿಕೊಂಡವರು. ಒಂಬತ್ತು ಜನ ಬದುಕಿದ್ದವರು. ಆ ಒಂಬತ್ತರಲ್ಲಿ ಮುನಿಯಪ್ಪ ಹೋದ ವರ್ಷ ಮಾಘದಲ್ಲಿ ಹೋದರು. ಸುದ್ದಿ ಬಂದ ಬೆಳಗ್ಗೆಯೇ ಹೋಗಿದ್ದೆ. ಯಲ್ಲಮ್ಮ ನನ್ನನ್ನು ನೋಡಿ, "ಈಗ ಬರ್ಕೋ ಬಾಬು" ಅಂದರು.

ಈಗ ನನ್ನ ಹತ್ತಿರ ಇರುವುದು: ಬಂಗಾರಪೇಟೆಯಲ್ಲಿ ಬಾಡಿಗೆಯ ಅಂಗಡಿ ಒಂದು, ಕಂಪ್ಯೂಟರ್ ಮೂರು, ಪ್ರಿಂಟರ್ ಎರಡು, ಬೈಕ್ ಒಂದು. ಊರಲ್ಲಿ ಹಸು ನಾಲ್ಕು. ಅಮ್ಮ, ಹೆಂಡತಿ, ಹೆಣ್ಣುಮಕ್ಕಳು ಇಬ್ಬರು. ನಾನು ನೋಡಿಕೊಳ್ಳುವ ಪ್ರೋಗ್ರಾಂ ಐದು. ಟ್ರಸ್ಟಿನ ಪಟ್ಟಿಯಲ್ಲಿ, ಈ ಸೋಮವಾರಕ್ಕೆ, ಜೀವಂತ ಇನ್ನೂರ ಆರು ಜನ. ಅವರಲ್ಲಿ ನೂರ ಎಂಬತ್ತೆಂಟು ಜನರ ಮನೆಯ ಬಾಗಿಲು ನೋಡಿದ್ದೇನೆ. ನೋಡಬೇಕಾದದ್ದು ಇನ್ನೂ ಹದಿನೆಂಟು.